ಮುತ್ತಜ್ಜಂದಿರ ಈಡು ಇಳಿಸುವ ವೆರ್ಡಾ

ಬೆಳಕು ಇನ್ನೂ ಗುಡ್ಡ ದಾಟಿ ಈಚೆಗೆ ಬಂದಿಲ್ಲ. ಆನ್ಸೆಲ್ ಟ್ರಿವೆಟ್ ತಮ್ಮದೇ ಮನೆಯ ಅಂಗಳದಲ್ಲಿ, ತಮ್ಮದೇ ಕುರ್ಚಿಯಲ್ಲಿ, ಕಾಫಿಯಿಲ್ಲದೆ ಮುಖ ಗಂಟಿಕ್ಕಿಕೊಂಡು ಕೂತಿದ್ದಾರೆ. ಒಳಗೆ ಒಲೆ ತಣ್ಣಗಿದೆ. ಅಂಗಳದ ನಡುವೆ ಹಳೆಯ ಮರದ ಬೆಂಚಿಗೆ ಉದ್ದನೆಯ ಕೋವಿಯೊಂದನ್ನು ಹಗ್ಗದಿಂದ ಬಿಗಿದು, ಅದರ ಬಾಯಿಯನ್ನು ಜನವಿಲ್ಲದ ದಿಬ್ಬದ ಕಡೆಗೆ ತಿರುಗಿಸಿ, ಒಬ್ಬ ಹೆಂಗಸು ಬಗ್ಗಿ ನಿಂತಿದ್ದಾರೆ. ಅವರು ವೆರ್ಡಾ ಸ್ಟಾಲ್‌ಕಪ್. ವಯಸ್ಸು ಎಪ್ಪತ್ತು ದಾಟಿದೆ. ಅವರ ಕೆಲಸ ಮುಗಿಯುವ ತನಕ ಆ ಮನೆಯಲ್ಲಿ ಯಾರೂ ಬೆಂಕಿಕಡ್ಡಿ ಗೀರುವಂತಿಲ್ಲ.

"ಒಲೆ ಇರೋದು ಒಳಗೆ, ಕೋವಿ ಇರೋದು ಹೊರಗೆ. ನಡುವೆ ಗೋಡೆ ಇದೆಯಲ್ಲ ಮಿಸ್ ವೆರ್ಡಾ," ಎಂದು ಟ್ರಿವೆಟ್ ಗೊಣಗುತ್ತಾರೆ.

"ಗೋಡೆ ನಿಮ್ಮ ಮುತ್ತಜ್ಜ ಕಟ್ಟಿದ್ದು. ಈಡು ತುಂಬಿದ್ದೂ ಅವನೇ. ಎರಡರಲ್ಲಿ ಯಾವುದು ಗಟ್ಟಿ ಅಂತ ಇವತ್ತೇ ನೋಡ್ಬೇಕಾ ನಿನಗೆ?" ಎನ್ನುತ್ತಾರೆ ವೆರ್ಡಾ, ತಲೆಯೆತ್ತದೆ.

ಈ ಕೋವಿ ಟ್ರಿವೆಟ್ ಮನೆಯ ಅಗ್ಗಿಷ್ಟಿಕೆಯ ಮೇಲೆ, ಗೋಡೆಯ ಎರಡು ಗೂಟಗಳಲ್ಲಿ, ಮನೆಯವರ ನೆನಪಿಗೂ ಹಿಂದಿನಿಂದ ತೂಗುತ್ತಿತ್ತು. ನಿನ್ನೆ ಸಂಜೆ ವೆರ್ಡಾ ಅದರ ನಳಿಗೆಯೊಳಗೆ ಗಜವನ್ನು, ಅಂದರೆ ಹಿಕರಿ ಮರದ ಉದ್ದನೆಯ ಕೋಲನ್ನು ಇಳಿಸಿ, ನಳಿಗೆಯ ಬಾಯಿಯ ಹತ್ತಿರ ಹೆಬ್ಬೆರಳಿನಿಂದ ಗುರುತು ಹಿಡಿದು, ಅದೇ ಗಜವನ್ನು ಹೊರತೆಗೆದು ನಳಿಗೆಯ ಪಕ್ಕಕ್ಕೆ ಇಟ್ಟು ನೋಡಿದರು. ಮದ್ದಿಗೆ ಕಿಡಿ ಕೊಡುವ ಪುಟ್ಟ ಕೇಪು ಕೂರುವ ಜಾಗಕ್ಕೆ ಇನ್ನೂ ನಾಲ್ಕು ಬೆರಳು ದೂರವಿರುವಾಗಲೇ ಗಜ ನಿಂತಿತ್ತು. ಆ ನಾಲ್ಕು ಬೆರಳಿನ ಜಾಗದಲ್ಲಿ ಒಂದು ಈಡು, ಅಂದರೆ ಕರಿಮದ್ದು, ಅದರ ಮೇಲೆ ಸೀಸದ ಗುಂಡು, ಬಟ್ಟೆಯ ತುಂಡು ಕೂತಿವೆ. ತುಂಬಿಟ್ಟವನು ಚರ್ಚಿನ ಹಿಂದಿನ ಮಣ್ಣಿನಲ್ಲಿ ಮಲಗಿ ನೂರು ವರ್ಷದ ಮೇಲಾಗಿದೆ. ಒದ್ದೆಯಾಗದಿದ್ದರೆ ಕರಿಮದ್ದಿಗೆ ಸಾವಿಲ್ಲ. ತುಂಬಿದವನು ಸತ್ತದ್ದು ಅದಕ್ಕೆ ಗೊತ್ತೂ ಆಗುವುದಿಲ್ಲ.

ವೆರ್ಡಾ ಕೇಪು ಕೂರುವ ಪುಟ್ಟ ಮೂತಿಯನ್ನು ತಿರುಪಿ ಬಿಚ್ಚುತ್ತಾರೆ. ಆ ತೂತಿಗೆ, ಟ್ರ್ಯಾಕ್ಟರಿಗೆ ಗ್ರೀಸ್ ಹೊಡೆಯುವ ಪಂಪನ್ನು ಸಿಕ್ಕಿಸುತ್ತಾರೆ. ಆಮೇಲಿನದು ಬರೀ ತಾಳ್ಮೆ. ಒಂದೊಂದು ಸಲ ಪಂಪು ಒತ್ತಿದಾಗಲೂ ಗ್ರೀಸು ಹಿಂದಿನಿಂದ ಗುಂಡನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳುತ್ತದೆ, ಮದ್ದನ್ನೂ ನೆನೆಸಿ ಸಾಯಿಸುತ್ತದೆ. ಸೂರ್ಯ ದಿಬ್ಬದ ಮೇಲೆ ಬರುವ ಹೊತ್ತಿಗೆ ನಳಿಗೆಯ ಬಾಯಿಂದ ಮೊದಲು ಕೊಳೆತ ಬಟ್ಟೆಯ ಚೂರು, ಆಮೇಲೆ ಬೂದುಬಣ್ಣದ ಗುಂಡು, ಅದರ ಹಿಂದೆ ಕರಿ ಬೆರೆತ ಗ್ರೀಸಿನ ಉದ್ದನೆಯ ಹುಳ ಹೊರಬರುತ್ತದೆ. ಗುಂಡು ಬಕೆಟ್ಟಿನೊಳಗೆ ಬೀಳುತ್ತದೆ. ನೋಡುವುದಕ್ಕೆ ಅಸಹ್ಯವೇ. ಟ್ರಿವೆಟ್ ಮಾತ್ರ ಗುಂಡನ್ನು ಒರೆಸಿ ಅಂಗೈಯಲ್ಲಿಟ್ಟುಕೊಂಡು ನೋಡುತ್ತಾರೆ.

"ನಾನು ಹುಟ್ಟೋಕೆ ಮುಂಚಿನಿಂದ ಇದು ಅಲ್ಲೇ ಇತ್ತಾ?"

"ನಿನ್ನ ತೊಟ್ಟಿಲನ್ನ ಬೆಚ್ಚಗಿರಲಿ ಅಂತ ಅದರ ಕೆಳಗೇ ಇಟ್ಟಿದ್ರು. ನನಗೆ ನೆನಪಿದೆ. ಹೋಗಪ್ಪ, ಈಗ ಕಾಫಿಗಿಡು."

ಅವರು ಕಾಫಿಗೆ ಹೋದ ಮೇಲೂ ವೆರ್ಡಾ ಅವರ ಕೆಲಸ ಮುಗಿದಿಲ್ಲ. ನಳಿಗೆ ಒರೆಸಿ, ಮತ್ತೆ ಗಜ ಇಳಿಸಿ, ಮತ್ತೆ ಪಕ್ಕಕ್ಕಿಟ್ಟು ಅಳೆಯುತ್ತಾರೆ. ಗಜ ಈಗ ತಳ ಮುಟ್ಟಿದೆ. ಆದರೂ ಇನ್ನೊಮ್ಮೆ ಇಳಿಸುತ್ತಾರೆ. ಈ ಎರಡನೇ ಅಳತೆಗೆ ಒಂದು ಕಥೆಯಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಊರು ಸಾರ್ವಿಸ್ ಗ್ಯಾಪಿನಲ್ಲಿ, ಅಷ್ಟೇಕೆ, ಪೂರ್ವ ಟೆನೆಸ್ಸಿಯ ಈ ಮಗ್ಗುಲಿನಲ್ಲಿ ಕೋವಿಯಿಲ್ಲದ ಮನೆ ಹುಡುಕುವುದು ಕಷ್ಟ. ನನ್ನ ಮನೆಯಲ್ಲೂ ಎರಡಿವೆ. ಅದಕ್ಕೆ ನಾಚಿಕೆಯೂ ಇಲ್ಲ, ಹೆಮ್ಮೆಯೂ ಇಲ್ಲ, ಬಾಗಿಲಿಗೆ ಚಿಲಕ ಇದ್ದ ಹಾಗೆ ಅವೂ ಇವೆ. ಪ್ರತಿ ವರ್ಷ ಮೇ ತಿಂಗಳ ಕೊನೆಯ ಶನಿವಾರ 'ಹಳೇ ಕೋವಿ ದಿನ'. ಅಗ್ಗಿಷ್ಟಿಕೆಯ ಮೇಲಿನ ಮುತ್ತಜ್ಜನ ಕೋವಿಯನ್ನು ಇಳಿಸಿ, ಎಣ್ಣೆ ಒರೆಸಿ, ಹೆಗಲಿಗೇರಿಸಿಕೊಂಡು ನ್ಯಾಯಾಲಯದ ಕಟ್ಟಡದವರೆಗೆ ನಡೆಯುತ್ತೇವೆ. ಆಯುಧ ಹೊಂದುವ ಹಕ್ಕು ನಮ್ಮದು, ಸಂವಿಧಾನದ ಎರಡನೇ ತಿದ್ದುಪಡಿಯಲ್ಲಿ ಬರೆದಿಟ್ಟಿದ್ದಾರೆ ಎಂದು ನೆನಪಿಸುವುದಕ್ಕೆ. ಮೆಟ್ಟಿಲ ಮೇಲೆ ನಿಂತು ಮೆರವಣಿಗೆಯ ಮುಂದಾಳು ಡಾಯ್ಲ್ ಲೆಡ್‌ಫರ್ಡ್ ಭಾಷಣ ಮಾಡುತ್ತಾರೆ. ಕೊನೆಗೆ ಕೋವಿಯ ಬಾಯಿ ಆಕಾಶಕ್ಕೆ ಮಾಡಿ, ಮದ್ದಿಲ್ಲದೆ ಬರೀ ಕೇಪು ಇಟ್ಟು, ಕೇಪಿಗೆ ಬಡಿಯುವ ಕುದುರೆಯನ್ನು ಬಿಡುತ್ತಾರೆ. ಚಟ್ ಎನ್ನುತ್ತದೆ. ಅವರ ಹಿಂದೆ ಇಡೀ ಸಾಲು ಚಟ್ ಚಟ್ ಎನ್ನುತ್ತದೆ. ಮಾರನೆಯ ದಿನ ನಾನು ವರದಿ ಬರೆಯುವ ಊರಿನ ಪತ್ರಿಕೆಯಲ್ಲಿ ಡಾಯ್ಲ್ ಅವರ ಫೋಟೊ ಬರುತ್ತದೆ. ಗಡ್ಡ ಒಂದು ವರ್ಷ ಹೆಚ್ಚು ಬೆಳ್ಳಗಾಗಿರುತ್ತದೆ ಎನ್ನುವುದು ಬಿಟ್ಟರೆ ಅದೇ ಫೋಟೊ.

ಆ ಸಾಲಿನಲ್ಲಿರುವ ಕೋವಿಗಳು ಚಟ್ ಎಂದಷ್ಟೇ ಸುಮ್ಮನಾಗುವುದು ಯಾರಿಂದ ಎಂದು ನಾವು ಯಾವತ್ತೂ ಬರೆದಿಲ್ಲ. ಪ್ರತಿ ವಸಂತದಲ್ಲೂ ವೆರ್ಡಾ ತಮ್ಮ ತುಕ್ಕು ಹಿಡಿದ ಪಿಕಪ್‌ನಲ್ಲಿ ಹಳ್ಳಿಹಳ್ಳಿ ಸುತ್ತಿ, ಮೆರವಣಿಗೆಗೆ ಬರುವ ಕೋವಿಗಳಿಗೆಲ್ಲ ಗಜ ಹಾಕಿ ನೋಡುತ್ತಾರೆ. ಹೊಸದಾಗಿ ಸಾಲಿಗೆ ಸೇರುವವುಗಳ ಪೈಕಿ ವರ್ಷಕ್ಕೆ ಐದಾರು ಕೋವಿಗಳಲ್ಲಿ ಈಡು ಸಿಗುತ್ತದಂತೆ. ಒಂದರಲ್ಲಿ ಗುಂಡಿನ ಬದಲು ಕಣಜದ ಗೂಡು ಸಿಕ್ಕಿತ್ತು. ಇನ್ನೊಂದರಲ್ಲಿ ಯಾವುದೋ ಅಜ್ಜಿ ಮುಚ್ಚಿಟ್ಟ ಮದುವೆಯುಂಗುರ ಸಿಕ್ಕಿ, ಆ ಮನೆಯ ಇಬ್ಬರು ಅಕ್ಕತಂಗಿಯರು ಈಗಲೂ ಮಾತು ಬಿಟ್ಟಿದ್ದಾರೆ. ಈವರೆಗೆ ಒಟ್ಟು ಎಷ್ಟು ಈಡು ಇಳಿಸಿದ್ದೀರಿ ಎಂದರೆ ವೆರ್ಡಾ ಕೈಯಾಡಿಸುತ್ತಾರೆ.

"ಎಣಿಸೋದ್ಯಾಕೆ ಮಗಾ? ಇಳಿಸಿದ್ದು ಇಳೀತು. ನನಗೆ ಲೆಕ್ಕ ಇರೋದು ಇಳಿಸದೇ ಬಿಟ್ಟಿದ್ದು ಒಂದೇ."

ಸರ್ಕಾರ ಯಾಕೆ ಇದನ್ನೆಲ್ಲ ನೋಡಿಕೊಳ್ಳುವುದಿಲ್ಲ ಎಂದು ಕೇಳುವವರಿಗೆ ಉತ್ತರ ಸುಲಭ. ಹತ್ತೊಂಬತ್ತನೇ ಶತಮಾನ ಮುಗಿಯುವ ಮುನ್ನ ತಯಾರಾದ ಇಂಥ ಕೋವಿಗಳನ್ನು ಕೇಂದ್ರದ ಕಾನೂನು ಕೋವಿಯೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಗದವಿಲ್ಲ, ವಿಚಾರಣೆಯಿಲ್ಲ. ಕಾನೂನಿನ ಕಣ್ಣಿಗೆ ಅದು ಅಜ್ಜಿಯ ನೂಲುವ ರಾಟೆ ಇದ್ದ ಹಾಗೆ. ರಾಟೆಯೊಳಗೆ ಮಾತ್ರ ಗುಂಡಿರುವುದಿಲ್ಲ.

ವೆರ್ಡಾ ಅವರ ಅಪ್ಪ ಕೋವಿ ರಿಪೇರಿಯವರು. ಹಿಡಿ ಕೆತ್ತುವುದು, ನಳಿಗೆ ನೇರ ಮಾಡುವುದು ಅವರ ಕಸುಬು. ಮೂವರು ಗಂಡುಮಕ್ಕಳೂ ಗಣಿಗೆ ಹೋದಾಗ ಮಗಳೇ ಅಪ್ಪನ ಪಕ್ಕ ನಿಂತು ಕೆಲಸ ಕಲಿತರು. ಕೋವಿಯ ಚರಿತ್ರೆಯನ್ನು ಅವರು ಹೇಳುವ ರೀತಿಯೇ ಬೇರೆ. ಯಾವ ಯುದ್ಧ, ಯಾವ ದೊರೆ ಎನ್ನುವುದು ಅವರಿಗೆ ಬೇಕಿಲ್ಲ.

"ಮೊದಲು ಕಲ್ಲು ಬಡಿದು ಕಿಡಿ ಹಾರಿಸೋ ಕೋವಿ ಬಂತು. ಮಳೆ ಬಂದ್ರೆ ಮುಗೀತು, ಕಿಡಿಯಿಲ್ಲ. ಆಮೇಲೆ ಕೇಪು ಬಂತು, ಮಳೇಲೂ ಹೊಡೀಬಹುದು. ಆದ್ರೆ ಎರಡರಲ್ಲೂ ತುಂಬೋದು ಮುಂದಿನ ಬಾಯಿಂದಾನೇ. ಒಳಗೇನಿದೆ ಅಂತ ಕಣ್ಣಿಗೆ ಕಾಣಲ್ಲ. ಕೊನೆಗೆ ಹಿಂದಿನಿಂದ ತೋಟೆ ತುಂಬೋದು ಬಂತು. ಕೋವಿ ನಡು ಮಡಿಸಿ ನೋಡಿದ್ರೆ ಇದೆಯೋ ಇಲ್ವೋ ಗೊತ್ತಾಗಿಬಿಡುತ್ತೆ. ಜನ ಅದನ್ನ ಬೇಗ ಬೇಗ ಹೊಡೆಯೋಕೆ ಮಾಡಿದ್ದು ಅಂತಾರೆ. ನಮ್ಮಪ್ಪ ಹೇಳ್ತಿದ್ದ, ಅದಲ್ಲ ದೊಡ್ಡದು, ಒಳಗೆ ನೋಡೋಕಾಗುತ್ತಲ್ಲ, ಅದು ದೊಡ್ಡದು ಅಂತ."

ಇಣುಕಿ ನೋಡಲಾಗದ ಆ ಹಳೆಯ ಕೋವಿಗಳೇ ವೆರ್ಡಾ ಅವರ ಪಾಲಿಗೆ ಬಂದವು. ಅವುಗಳಿಗಿಂತ ಕಷ್ಟದ್ದು ಅವುಗಳ ಯಜಮಾನರು. ನಮ್ಮಲ್ಲಿ ಒಬ್ಬರ ಕೋವಿಯಲ್ಲಿ ಈಡಿದೆಯೇ ಎಂದು ಇನ್ನೊಬ್ಬರು ಕೇಳುವ ರೂಢಿಯಿಲ್ಲ. ಕೇಳಿದರೆ, ನಿನ್ನ ಮನೆಯ ಕೋವಿ ನಿನಗೇ ಗೊತ್ತಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಇದರಿಂದಾಗಿ ಹೊಡೆದಾಟವಾದದ್ದೂ ಇದೆ. ವೆರ್ಡಾ ಅದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಮನೆಗೆ ಹೋಗಿ, ಮಳೆ ಬೆಳೆ ಮಾತಾಡಿ, ಗೋಡೆಯತ್ತ ನೋಡಿ, "ಇದು ಕೊನೇ ಸಲ ಮಾತಾಡಿದ್ದು ಯಾವಾಗ?" ಎನ್ನುತ್ತಾರೆ. ಮನೆಯವರು ತಮ್ಮ ಮುತ್ತಜ್ಜ ಕರಡಿ ಹೊಡೆದ ಕಥೆ ತೆಗೆಯುತ್ತಾರೆ. ಕಥೆ ಮುಗಿಯುವ ಹೊತ್ತಿಗೆ ಗಜ ನಳಿಗೆಯ ಒಳಗಿರುತ್ತದೆ.

ಇನ್ನು ಆ ಎರಡನೇ ಅಳತೆಯ ಕಥೆ. ಅದನ್ನು ವೆರ್ಡಾ ಯಾರಿಂದಲೂ ಮುಚ್ಚಿಟ್ಟಿಲ್ಲ. ನಾನು ಕೇಳುವ ಮೊದಲೇ ಹೇಳಿದರು.

ಹೋಯ್ಟ್ ಕ್ರಿಸ್ಪ್ ಎಂಬ ರೈತ ಇದ್ದರು. ಉತ್ತರ ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದಿಂದ ಅವರ ಹಿರಿಯರೊಬ್ಬರು ಹೊತ್ತು ತಂದ ಕೋವಿ ಅವರ ಮನೆಯಲ್ಲಿತ್ತು. ಸುಮಾರು ಇಪ್ಪತ್ತು ವರ್ಷದ ಹಿಂದೆ, ಹಳೇ ಕೋವಿ ದಿನದ ಹಿಂದಿನ ವಾರ ವೆರ್ಡಾ ಅಲ್ಲಿಗೆ ಹೋದರು. ಆಗ ಅವರು ಗ್ರೀಸ್ ಪಂಪು ಬಳಸುತ್ತಿರಲಿಲ್ಲ. ಗಜದ ತುದಿಗೆ ತಿರುಪು ಮೊಳೆ ಹಾಕಿ, ಮುಂದಿನಿಂದಲೇ ಗುಂಡಿಗೆ ಚುಚ್ಚಿ ಎಳೆದು ತೆಗೆಯುವುದು ರೂಢಿ. ಗುಂಡು ಬಂತು. ಕೋವಿ ಬಗ್ಗಿಸಿದರೆ ಮದ್ದೂ ಸುರಿಯಿತು. ಕೇಪು ಕೂರುವ ಮೂತಿಯಲ್ಲಿ ಕಸ ಕಟ್ಟಿಕೊಂಡಿತ್ತು, ಅದನ್ನೂ ತಂತಿಯಿಂದ ಚೊಕ್ಕ ಮಾಡಿದರು. ಅಷ್ಟರಲ್ಲಿ ಹೋಯ್ಟ್ ಅವರ ಹೆಂಡತಿ ನೋಲಾ ಅಡುಗೆಮನೆಯಿಂದ ಕೂಗಿದರು, ಸೇಬಿನ ಪೈ ಆರಿಹೋಗುತ್ತೆ ಬನ್ನಿ ಎಂದು. ವೆರ್ಡಾ ಬೆಳಗಿನಿಂದ ಏನೂ ತಿಂದಿರಲಿಲ್ಲ. ಗಜ ಕೆಳಗಿಟ್ಟು ಎದ್ದರು. ಹೋಯ್ಟ್ "ಆಯ್ತಾ?" ಎಂದರು. "ಆಯ್ತು," ಎಂದರು ವೆರ್ಡಾ.

ಆ ಯುದ್ಧದ ಕೋವಿಗಳಲ್ಲಿ ಒಂದು ಅವಸ್ಥೆಯಿತ್ತು. ನೂರಾರು ಕೋವಿ ಒಟ್ಟಿಗೆ ಸಿಡಿಯುವ ಗದ್ದಲದಲ್ಲಿ ತನ್ನ ಕೋವಿ ಹಾರಿತೋ ಇಲ್ಲವೋ ಸಿಪಾಯಿಗೆ ತಿಳಿಯುತ್ತಿರಲಿಲ್ಲ. ಮೂತಿ ಕಟ್ಟಿಕೊಂಡು ಹಾರದಿದ್ದರೂ, ಹಾರಿತೆಂದೇ ತಿಳಿದು ಅದರ ಮೇಲೆ ಇನ್ನೊಂದು ಈಡು ಜಡಿಯುತ್ತಿದ್ದ. ಹೋಯ್ಟ್ ಅವರ ಕೋವಿಯಲ್ಲಿ ವೆರ್ಡಾ ತೆಗೆದದ್ದು ಮೇಲಿನ ಈಡು. ಕೆಳಗೆ ಇನ್ನೊಂದು ಕೂತಿತ್ತು, ಮೇಲಿನದರ ಮರೆಯಲ್ಲಿ ಬೆಚ್ಚಗೆ, ಒಣಗಿ.

ಆ ಸಂಜೆ ಹೋಯ್ಟ್ ಅಡುಗೆಮನೆಯಲ್ಲಿ ಹೆಂಡತಿಗೆ ತೋರಿಸಲೆಂದು ಕೇಪು ಇಟ್ಟು, ಕೋವಿಯನ್ನು ನೆಲಕ್ಕೆ ಮಾಡಿ ಕುದುರೆ ಬಿಟ್ಟರು. ನೋಲಾ ಎದುರಿಗೆ ನಿಂತಿದ್ದರು. ಅವರ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

"ಮೊದಲನೇ ಸಲ ಅಳೆದಾಗಲೇ ಗಜ ಒಂದು ಗೇಣು ಮೇಲೆ ನಿಂತಿತ್ತು ಮಗಾ. ಯಾವ ಈಡು ಅಷ್ಟುದ್ದ ಇರುತ್ತೆ? ಬಟ್ಟೆ ಜಾಸ್ತಿ ತುರುಕಿರ್ಬೇಕು ಅಂದ್ಕೊಂಡೆ. ಮುಗಿದ ಮೇಲೆ ಇನ್ನೊಂದ್ಸಲ ಗಜ ಹಾಕು ಅಂತ ನಮ್ಮಪ್ಪ ಬಾಯಿ ಬಡ್ಕೊಂಡಿದ್ದ. ಹಾಕ್ಲಿಲ್ಲ. ಆ ಕೋವಿ ನೂರಿಪ್ಪತ್ತು, ನೂರೈವತ್ತು ವರ್ಷ ಹಾರದೇ ಇದ್ದದ್ದು ಮೂತೀಲಿ ಕಸ ಇದ್ದಿದ್ರಿಂದ. ಆ ಕಸ ತೆಗೆದುಕೊಟ್ಟವಳೂ ನಾನೇ." ಇಷ್ಟು ಹೇಳಿ ವೆರ್ಡಾ ಸ್ವಲ್ಪ ಹೊತ್ತು ಬಕೆಟ್ಟಿನ ಕಡೆ ನೋಡುತ್ತಾರೆ. "ಪೈ ತಿಂದೆ ನಾನು. ಎರಡು ತುಂಡು ತಿಂದೆ."

ಷರೀಫರು ಆಕಸ್ಮಿಕ ಎಂದರು. ಯಾರೂ ದೂರು ಕೊಡಲಿಲ್ಲ. ವೆರ್ಡಾ ಗಜವನ್ನು ಮುರಿದು ಒಲೆಗೆ ಹಾಕಿ, ಈ ಕಸುಬಿನ ಸಹವಾಸವೇ ಸಾಕೆಂದು ಮನೆ ಸೇರಿದರು. ಹೋಯ್ಟ್ ಆಮೇಲೆ ಮೊದಲಿನ ಮನುಷ್ಯನಾಗಿ ಉಳಿಯಲಿಲ್ಲ, ಕೆಲವು ವರ್ಷಕ್ಕೆ ತೀರಿಕೊಂಡರು. ವೆರ್ಡಾ ಅವರನ್ನು ಮತ್ತೆ ಕೆಲಸಕ್ಕೆ ಎಬ್ಬಿಸಿದ್ದು ಮಾತ್ರ ಯಾರೂ ಊಹಿಸದ ಕೈ. ಊರುಗೋಲಿನಲ್ಲಿ ನಡೆಯುವುದನ್ನು ಕಲಿತ ಮೊದಲ ವಾರವೇ ನೋಲಾ ಕ್ರಿಸ್ಪ್ ಆ ಕೋವಿಯನ್ನು ಗಾಡಿಯಲ್ಲಿ ಹಾಕಿಸಿಕೊಂಡು ವೆರ್ಡಾ ಅವರ ಅಂಗಳಕ್ಕೆ ಬಂದಿಳಿದರು.

ನೋಲಾ ಅವರಿಗೆ ಈಗ ಎಂಬತ್ತು. ಅಂದು ಏನು ಹೇಳಿದಿರಿ ಎಂದು ಕೇಳಿದರೆ ನಗುತ್ತಾರೆ. "ಬೈದೆ. ಚೆನ್ನಾಗೇ ಬೈದೆ. ನಿನ್ನಿಂದ ಒಂದು ಕಾಲು ಹೋಯ್ತು, ಸರಿ. ನೀನು ಹೀಗೆ ಕೈಕಟ್ಟಿ ಕೂತ್ರೆ ಊರಲ್ಲಿ ಇನ್ನೆಷ್ಟು ಕಾಲು ಹೋಗ್ಬೇಕು? ಎದ್ದೇಳು, ಇದರಲ್ಲಿ ಇನ್ನೇನಾದ್ರೂ ಉಳ್ಕೊಂಡಿದ್ಯಾ ನೋಡು ಅಂದೆ. ಅವಳು ಅಳ್ತಾನೇ ನೋಡಿದ್ಲು."

ಆಮೇಲೆಯೇ ವೆರ್ಡಾ ಗ್ರೀಸ್ ಪಂಪು ಹಿಡಿದದ್ದು. ಹಿಂದಿನಿಂದ ತಳ್ಳಿದರೆ ಎಷ್ಟು ಈಡಿದ್ದರೂ ಎಲ್ಲ ಹೊರಬರಲೇಬೇಕು. ಹಾಗಿದ್ದರೂ ಪ್ರತಿ ಸಲ ಕೊನೆಗೆ ಎರಡು ಬಾರಿ ಅಳೆಯುತ್ತಾರೆ. ಯಾರ ಮನೆಯಲ್ಲೂ ಕೆಲಸ ಮುಗಿಯುವ ಮುನ್ನ ಒಂದು ಬಿಸ್ಕೆಟ್ಟನ್ನೂ ಮುಟ್ಟುವುದಿಲ್ಲ.

ಮೆರವಣಿಗೆಯ ಸಾಲಿನಲ್ಲಿ ವೆರ್ಡಾ ಅವರ ಗಜ ಕಾಣದ ಕೋವಿ ಒಂದೇ ಒಂದು. ಅದು ಸಾಲಿನ ಮುಂದೆಯೇ ಇರುತ್ತದೆ. ಡಾಯ್ಲ್ ಲೆಡ್‌ಫರ್ಡ್ ಅವರದು. ಡಾಯ್ಲ್, ನೋಲಾ ಅವರ ತಮ್ಮ. ಅಕ್ಕನ ಕಾಲು ಹೋದ ದಿನದಿಂದ ಅವರು ವೆರ್ಡಾ ಅವರೊಡನೆ ಮಾತಾಡಿಲ್ಲ. ತಮ್ಮ ಕೋವಿಯನ್ನು ಯಾರೂ ಮುಟ್ಟಕೂಡದು, ಮುಟ್ಟುತ್ತೇನೆನ್ನುವುದೇ ಹಕ್ಕಿನ ಮೇಲೆ ಕೈ ಹಾಕಿದಂತೆ ಎಂದು ಮೆಟ್ಟಿಲ ಮೇಲಿಂದಲೇ ಸಾರಿದ್ದಾರೆ. ವೆರ್ಡಾ ಎಷ್ಟೋ ಜನರ ಹತ್ತಿರ ಹೇಳಿಕಳಿಸಿ ನೋಡಿದರು. ಪಾದ್ರಿಗಳನ್ನೂ ಕಳಿಸಿದರು. ಒಮ್ಮೆ ತಾವೇ ಹೋಗಿ ಬಾಗಿಲಲ್ಲಿ ನಿಂತರು, ಬಾಗಿಲು ತೆರೆಯಲಿಲ್ಲ.

"ಅದೂ ಅದೇ ಯುದ್ಧದ ಕೋವಿ. ಒಳಗೆ ಎರಡು ಈಡು ಇದ್ದು ಹಾರಿಬಿಟ್ರೆ ಹಳೇ ಕಬ್ಬಿಣ ತಡೆಯುತ್ತಾ? ನಳಿಗೆ ಸೀಳಿ ಅವನ ಮುಖಕ್ಕೇ ಬರುತ್ತೆ. ಪಕ್ಕದಲ್ಲಿ ಎಷ್ಟು ಜನ ನಿಂತಿರ್ತಾರೆ ನೋಡಿದ್ದೀಯಲ್ಲ. ಆ ಮನೆಯವರದ್ದು ಇನ್ನೊಂದು ರಕ್ತ ನಾನು ನೋಡಲಾರೆ," ಎನ್ನುತ್ತಾರೆ ವೆರ್ಡಾ. ಹಾಗಾಗಿ ಪ್ರತಿ ವರ್ಷ ಕೇಪು ಬಿಡುವ ಹೊತ್ತಿಗೆ ಅವರು ಪೋಸ್ಟಾಫೀಸಿನ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಡಾಯ್ಲ್ ಅವರ ಕೋವಿ ಚಟ್ ಎಂದ ಮೇಲೆ ಕಣ್ಣು ಬಿಟ್ಟು, ಯಾರಿಗೂ ಸಿಗದೆ ಮನೆಗೆ ಹೋಗುತ್ತಾರೆ. ಆ ಕೋವಿಗೊಮ್ಮೆ ಗಜ ಹಾಕಿಸುವುದು ಬಿಟ್ಟು ಈ ಹೆಂಗಸಿಗೆ ಬೇರೆ ಆಸೆಯೇ ಇಲ್ಲ.

ವೆರ್ಡಾ ಅವರ ಬಗ್ಗೆ ಬರೆಯುವಾಗ ಡಾಯ್ಲ್ ಅವರ ಮಾತೂ ಬೇಕಲ್ಲ. ಬುಧವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಹೋಯ್ಟ್ ತೀರಿಕೊಂಡ ಮೇಲೆ ತಮ್ಮನ ಜೊತೆಗೇ ಇರುವ ನೋಲಾ ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ಬಿಡಿಸುತ್ತಾ ಕೂತಿದ್ದರು. ಕೃತಕ ಕಾಲು ಕಳಚಿ ಪಕ್ಕದ ಕುರ್ಚಿಗೆ ಒರಗಿಸಿಟ್ಟಿದ್ದರು.

"ಏನು, ಫೋಟೊಗೆ ಬಂದ್ಯಾ?" ಎಂದರು ಡಾಯ್ಲ್.

"ಈ ಸಲ ಮಿಸ್ ವೆರ್ಡಾ ಅವರ ಬಗ್ಗೆ ಬರೀತಿದ್ದೀನಿ."

ಅವರ ಮುಖ ಇಳಿಯಿತು. ಆದರೂ ಕಾಫಿ ಕೊಟ್ಟರು. ಕಾಫಿಯ ಜೊತೆಗೆ ಭಾಷಣವನ್ನೂ ಕೊಟ್ಟರು. "ಹಕ್ಕು ಅಂದ್ರೆ ಯಾರ ಅಪ್ಪಣೇನೂ ಕೇಳ್ಬೇಕಾಗಿಲ್ಲದ್ದು. ಇವತ್ತು ಗಜ ಹಾಕಿ ನೋಡ್ತೀನಿ ಅಂತಾರೆ. ನಾಳೆ ಬೀಗ ಹಾಕಿಡಿ ಅಂತಾರೆ. ನಾಡಿದ್ದು ತಂದು ಕೊಟ್ಬಿಡಿ ಅಂತಾರೆ. ಬಾಗಿಲು ಒಂದ್ಸಲ ತೆಗೆದ್ರೆ ಮುಗೀತು." ಈ ಮಾತಿನಲ್ಲಿ ಸತ್ಯವಿಲ್ಲ ಎಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಅರ್ಧ ಊರು ಹಾಗೆಯೇ ಯೋಚಿಸುತ್ತದೆ, ಕೆಲವು ದಿನ ನಾನೂ. ಆದರೆ ಅವತ್ತು ನನಗೆ ಪೋಸ್ಟಾಫೀಸಿನ ಗೋಡೆ ಕಣ್ಣಮುಂದಿತ್ತು. ಸಿಟ್ಟೂ ಬಂತು. ಊರಿನ ರೂಢಿ ಬಿಟ್ಟು ಕೇಳಿಯೇಬಿಟ್ಟೆ:

"ಅದಿರಲಿ. ಒಳಗೆ ಈಡಿದೆಯೋ ಇಲ್ವೋ?"

ಡಾಯ್ಲ್ ಕಪ್ಪು ಕೆಳಗಿಟ್ಟರು. ಹೊರಗೆ ಹೋಗೆನ್ನುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ನೋಲಾ ನಕ್ಕುಬಿಟ್ಟರು.

"ಕೇಳೇಬಿಟ್ಟ ನೋಡು! ತೋರ್ಸೋ ಅವನಿಗೆ. ದಿನಾ ಬೆಳಗೆದ್ದು ಮಾಡೋದು ತಾನೆ, ಇವನೆದುರು ಮಾಡೋಕೆ ಏನು ನಾಚಿಕೆ?"

ಡಾಯ್ಲ್ ಎದ್ದು, ಗೋಡೆಯಿಂದ ಕೋವಿ ಇಳಿಸಿ, ಅದರ ಹೊಟ್ಟೆಯಡಿಯಿಂದ ಕಬ್ಬಿಣದ ಗಜ ಎಳೆದು, ನಳಿಗೆಯೊಳಗೆ ಬಿಟ್ಟರು. ಟಣ್ ಎಂದಿತು. ಗಜವನ್ನು ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದರು. ತಳದವರೆಗೂ ಹೋಗಿತ್ತು. ಎರಡನೇ ಸಲವೂ ಬಿಟ್ಟು ತೋರಿಸಿದರು. ಗಜದ ಮೇಲ್ತುದಿ, ಹೆಬ್ಬೆರಳು ಹಿಡಿಯುವ ಕಡೆ, ಸವೆದು ಹೊಳೆಯುತ್ತಿತ್ತು.

"ಯಾವಾಗಿನಿಂದ?" ಎಂದೆ.

"ಅಕ್ಕ ಆಸ್ಪತ್ರೇಲಿದ್ದಾಗಿನಿಂದ."

ನೋಲಾ ಹುರುಳಿಕಾಯಿ ಮುರಿಯುತ್ತಲೇ, "ಇದರಿಂದ ವೆರ್ಡಾಗೂ ಒಂದು ಸಮಾಧಾನ, ಪಾಪ," ಎಂದರು. ಡಾಯ್ಲ್ ಗೋಡೆಯ ಕಡೆ ತಿರುಗಿದರು. ನೋಲಾ ತಲೆಯೆತ್ತಿದರು. "ಹೇಳಿದ್ದೀಯ ತಾನೆ ಅವಳಿಗೆ?"

ಡಾಯ್ಲ್ ಕೋವಿಯನ್ನು ಗೂಟಕ್ಕೆ ಏರಿಸುತ್ತಿದ್ದರು.

"ಡಾಯ್ಲ್! ಇಷ್ಟು ವರ್ಷ ಹೇಳೇ ಇಲ್ವಾ?"

"ಯಾಕೆ ಹೇಳ್ಬೇಕು? ಹೇಳಿದ್ರೆ ಅವಳು ನೆಮ್ಮದಿಯಾಗಿ ನಿದ್ದೆ ಮಾಡ್ತಾಳೆ. ನೀನು ಆ ವರ್ಷ ಪೂರ್ತಿ ನಿದ್ದೆ ಮಾಡ್ಲಿಲ್ಲ. ನಿನ್ನ ನೋಡ್ಕೊಳ್ಳೋಕೆ ಅಂತ ಗೋಡೆ ಆಚೆ ಮಲಗಿದ್ದೆನಲ್ಲ, ನನಗೆ ಕೇಳಿಸ್ತಿತ್ತು."

"ಕಾಲು ನಂದು ಕಣೋ. ಅದಕ್ಕೆ ಲೆಕ್ಕ ಇಡು ಅಂತ ನಿನಗ್ಯಾರು ಹೇಳಿದ್ರು?" ನೋಲಾ ಹುರುಳಿಕಾಯಿಯನ್ನು ಪಕ್ಕಕ್ಕೆ ತಳ್ಳಿದರು. "ನಾನು ಮೂರನೇ ತಿಂಗಳಿಗೇ ಕ್ಷಮಿಸಿಬಿಟ್ಟೆ ಅವಳನ್ನ. ನೀನು ನನ್ನ ಹೆಸರಲ್ಲಿ ಇಪ್ಪತ್ತು ವರ್ಷ ಶಿಕ್ಷೆ ಕೊಟ್ಯಾ? ಎದ್ದು ಹೋಗು ಈಗಲೇ. ಹೇಳಿ ಬಾ."

ಡಾಯ್ಲ್ ಕಿಟಕಿಯ ಕಡೆ ತಿರುಗಿ ನಿಂತರು. ವೇದಿಕೆಯ ಮೇಲೆ ಒಂದು ಗಂಟೆ ಎಡವದೆ ಮಾತಾಡುವ ಮನುಷ್ಯ. "ನನ್ನ ಬಾಯಿಂದ ಬರಲ್ಲ ಅಕ್ಕಾ," ಎಂದರು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದರು: "ನೀನು ಬರೀತೀಯಲ್ಲ. ಬರಿ. ನಾನು ಬೇಡ ಅನ್ನಲ್ಲ."

ಪತ್ರಿಕೆಯಲ್ಲಿ ಓದಿ ತಿಳಿಯಬೇಕಾದ ವಿಷಯವಲ್ಲ ಇದು. ಅಲ್ಲಿಂದ ನೇರ ವೆರ್ಡಾ ಅವರ ಮನೆಗೆ ಹೋದೆ. ಅವರು ಜಗಲಿಯ ಮೆಟ್ಟಿಲ ಮೇಲೆ ಗ್ರೀಸ್ ಪಂಪು ಬಿಚ್ಚಿ ತೊಳೆಯುತ್ತಿದ್ದರು. ನಾನು ನೋಡಿದ್ದನ್ನು ನೋಡಿದ ಹಾಗೆಯೇ ಹೇಳಿದೆ. ಅವರ ಕೈ ನಿಂತಿತು.

"ದಿನಾನಾ?"

"ದಿನಾ ಅಂತೆ. ಎದ್ದ ಕೂಡಲೇ. ಎರಡು ಸಲ."

ಅವರು ಗ್ರೀಸಿನ ಕೈಯಲ್ಲೇ ಮೆಟ್ಟಿಲನ್ನು ಹಿಡಿದುಕೊಂಡರು. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಕಣ್ಣಲ್ಲಿ ನೀರು ಬಂತು, ಆದರೆ ಅದು ಸಂತೋಷದ್ದಾಗಿರಲಿಲ್ಲ. "ಹಾಗಾದ್ರೆ ನಾನು ಪೋಸ್ಟಾಫೀಸಿನ ಹತ್ರ ಕಣ್ಣು ಮುಚ್ಕೊಂಡು ನಿಂತಿರೋದು ಮೆಟ್ಟಿಲ ಮೇಲಿಂದ ಅವನಿಗೆ ಕಾಣ್ತಿತ್ತು, ಅಲ್ವಾ?"

ಕಾಣದೆ ಇರುವುದಿಲ್ಲ. ಮೆಟ್ಟಿಲಿಗೂ ಆ ಗೋಡೆಗೂ ನಡುವೆ ಒಂದು ರಸ್ತೆ ಅಷ್ಟೇ. ನನಗೆ ಡಾಯ್ಲ್ ಅವರ ಮೇಲೆ ಮತ್ತೆ ಕೋಪ ಉಕ್ಕಿತು, ಒಂದೆರಡು ಮಾತು ಆಡಿಯೂಬಿಟ್ಟೆ. ವೆರ್ಡಾ ತಡೆದರು.

"ಬೈಬೇಡ. ಅವನ ಅಕ್ಕ ಅವಳು. ನನ್ನಕ್ಕನಾಗಿದ್ರೆ ನಾನೂ ಹಾಗೇ ಮಾಡ್ತಿದ್ದೆನೋ ಏನೋ. ಯಾರು ಹಾಕಿದ್ರೇನು ಬಿಡು, ಗಜ ಒಳಗೆ ಹೋಯ್ತಲ್ಲ." ಪಂಪಿನ ತಿರುಪನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು. "ನಾನು ಹೇಳೋದನ್ನ ಸರಿಯಾಗಿ ನೆನಪು ಮಾಡ್ಕೊಂಡು ಹೇಳು. ಗಜ ಕಬ್ಬಿಣದ್ದು ತಾನೆ? ತಳ ಮುಟ್ಟಿದಾಗ ಹೇಗೆ ಕೇಳಿಸ್ತು? ಡಬ್ ಅಂತೋ, ಟಣ್ ಅಂತೋ?"

"ಟಣ್ ಅಂತ."

"ನಿಜವಾಗ್ಲೂ?"

"ಟಣ್ ಅಂತಲೇ. ಗಂಟೆ ಥರ."

ವೆರ್ಡಾ ಉಸಿರು ಬಿಟ್ಟರು. "ಕಬ್ಬಿಣಕ್ಕೆ ಕಬ್ಬಿಣ ಮುಟ್ಟಿದೆ. ಒಳಗೇನೂ ಇಲ್ಲ." ಆಮೇಲೆ ಪಂಪಿನ ತಿರುಪನ್ನು ಮತ್ತೆ ಎತ್ತಿ ಬಿಗಿದರು. ನಾನು ಹೊರಡಲೆಂದು ಎದ್ದಾಗ, ಏನೋ ದೊಡ್ಡದನ್ನು ಕೇಳುವವರ ಹಾಗೆ ಸಂಕೋಚಪಟ್ಟುಕೊಂಡು ಕೇಳಿದರು:

"ಅವನ ಮನೆ ಬಾಗಿಲಿಗೆ ಹೋಗಲ್ಲ ನಾನು. ಕೋವಿ ಮುಟ್ಟೋದೂ ಬೇಡ, ಮಾತಾಡ್ಸೋದೂ ಬೇಡ. ಒಂದು ಬೆಳಗ್ಗೆ ಬೇಲಿ ಆಚೆ ರಸ್ತೇಲಿ ಗಾಡಿ ನಿಲ್ಲಿಸ್ಕೊಂಡು, ಆ ಟಣ್ ಅನ್ನೋದನ್ನ ಒಂದ್ಸಲ ಕೇಳಿಸ್ಕೊಂಡು ಬಂದ್ಬಿಡ್ತೀನಿ. ಅವನಿಗೆ ಬೇಜಾರಾಗುತ್ತಾ, ವಿಚಾರಿಸ್ತೀಯಾ?"